ಸೇನೆ ಬಿಟ್ಟ ಮೇಲೆ ವಿಮೆ ಉಳಿಸಿಕೊಂಡದ್ದು ಹೀಗೆ: ಪೇ ಸ್ಲಿಪ್ ಹಿಡಿದು ಕೂತರೆ ಅರ್ಧ ಕೆಲಸ ಮುಗಿಯುತ್ತದೆ

ಸೇವೆಯಲ್ಲಿ ಇರುವಷ್ಟು ದಿನ ವಿಮೆಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಸಂಬಳ ಕೈಗೆ ಬರುವ ಮೊದಲೇ ಕಂತು ಕಟಾವಾಗಿರುತ್ತದೆ. ಡಿಸ್ಚಾರ್ಜ್ ಆದ ತಿಂಗಳು ಸಂಬಳ ನಿಲ್ಲುತ್ತದೆ, ಅದರ ಜೊತೆಗೆ ಕಟಾವಣೆಯೂ ನಿಲ್ಲುತ್ತದೆ. ಹೀಗಾಗಿ ಈ ಕೆಲಸವನ್ನು ನಾನು ಏಜೆಂಟರಿಂದ ಶುರು ಮಾಡಲಿಲ್ಲ, ಪೇ ಸ್ಲಿಪ್‌ನಿಂದ ಶುರು ಮಾಡಿದೆ. ವಿಮೆಗೆ ಸಂಬಂಧಿಸಿದ ಒಂದೊಂದು ಕಟಾವಣೆಯ ಎದುರಿಗೂ ಮೂರು ವಿಷಯ ಬರೆದುಕೊಂಡೆ: ಸೇವೆ ಮುಗಿದ ಮರುದಿನ ಈ ರಕ್ಷಣೆ ಇರುತ್ತದೆಯೇ, ಇರಬೇಕಾದರೆ ದುಡ್ಡು ಯಾವ ದಾರಿಯಲ್ಲಿ ಹೋಗಬೇಕು, ಅದನ್ನು ಬದಲಿಸಲು ಯಾವ ಕಚೇರಿಗೆ ಅರ್ಜಿ ಕೊಡಬೇಕು. ಹೊರಡುವುದಕ್ಕೆ ಒಂದು ವರ್ಷ ಇರುವಾಗಲೇ ಇದನ್ನು ಮಾಡಿಕೊಂಡರೆ ಒಳ್ಳೆಯದು. ಕೆಲವು ಬಾಗಿಲುಗಳು ಸಮವಸ್ತ್ರದಲ್ಲಿ ಇರುವವರೆಗೆ ಮಾತ್ರ ತೆರೆದಿರುತ್ತವೆ.

ಮೊದಲ ಸಾಲು ಎಜಿಐಎಫ್, ಅಂದರೆ ಆರ್ಮಿ ಗ್ರೂಪ್ ಇನ್ಶೂರೆನ್ಸ್ ಫಂಡ್. ತಿಂಗಳು ತಿಂಗಳು ಹೋಗುವ ಚಂದಾದಲ್ಲಿ ಒಂದು ಪಾಲು ವಿಮೆಗೆ, ಇನ್ನೊಂದು ಪಾಲು ಉಳಿತಾಯಕ್ಕೆ. ಉಳಿತಾಯದ ಪಾಲು ನಿವೃತ್ತಿಯಲ್ಲಿ ಬೋನಸ್ ಸಮೇತ ಮೆಚ್ಯೂರಿಟಿ ಹಣವಾಗಿ ವಾಪಸ್ ಬರುತ್ತದೆ. ದೊಡ್ಡ ಮೊತ್ತ ಖಾತೆಗೆ ಬಿತ್ತಲ್ಲ ಎಂಬ ಖುಷಿಯಲ್ಲಿ ಸೇವಾವಧಿಯ ವಿಮೆ ಅಲ್ಲಿಗೆ ಮುಗಿಯಿತು ಎನ್ನುವುದು ಅನೇಕರಿಗೆ ಹೊಳೆಯುವುದಿಲ್ಲ. ಆಮೇಲೆ ಉಳಿಯುವುದು ಎಕ್ಸ್‌ಟೆಂಡೆಡ್ ಇನ್ಶೂರೆನ್ಸ್. ಅದರ ಪ್ರೀಮಿಯಂ ಒಂದೇ ಸಲ, ಅದೂ ಮೆಚ್ಯೂರಿಟಿ ಹಣದಿಂದಲೇ ಮುರಿದುಕೊಳ್ಳುತ್ತಾರೆ. ವಾಪಸ್ ಬರುವುದಿಲ್ಲ. ಅವಧಿ ಮುಗಿಯುವವರೆಗೆ ಬದುಕಿದ್ದರೆ ಒಂದು ಪೈಸೆಯೂ ಸಿಗುವುದಿಲ್ಲ, ನಡುವೆ ಹೋದರೆ ನಾಮಿನಿಗೆ ನಿಗದಿತ ಮೊತ್ತ. ‘ಸುಮ್ಮನೆ ದುಡ್ಡು ಹಿಡಿದರು’ ಎಂದು ಗೊಣಗುವವರು ಬಹಳ ಮಂದಿ. ಆದರೆ ಇದು ಟರ್ಮ್ ವಿಮೆ, ಟರ್ಮ್ ವಿಮೆ ಇರುವುದೇ ಹಾಗೆ. ಆ ಪ್ರೀಮಿಯಂಗೆ ಆ ರಕ್ಷಣೆ ಹೊರಗೆ ಸಿಗುವುದು ಕಷ್ಟ, ಹಾಗಾಗಿ ಇದನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ವಾಯುಸೇನೆ ಮತ್ತು ನೌಕಾಸೇನೆಯ ಗುಂಪು ವಿಮೆಗಳಲ್ಲೂ ನಿವೃತ್ತಿ ನಂತರದ ರಕ್ಷಣೆಗೆ ಇಂಥದೇ ವ್ಯವಸ್ಥೆ ಇದೆ.

ಇದರಲ್ಲಿ ಒಂದು ತೊಂದರೆ ಇದೆ. ಒಂದೇ ಸಲ ಕಟ್ಟಿ ಮುಗಿಸಿದ ಪ್ರೀಮಿಯಂ ಆದ್ದರಿಂದ ವರ್ಷ ವರ್ಷ ನೆನಪಿಸುವ ನೋಟಿಸ್ ಬರುವುದಿಲ್ಲ, ಪಾಸ್‌ಬುಕ್‌ನಲ್ಲಿ ಕಂತು ಕಾಣುವುದಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಇಂಥದ್ದೊಂದು ವಿಮೆ ಇದೆ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲದವರು ಕ್ಲೇಮ್ ಮಾಡುವುದೂ ಇಲ್ಲ. ಎಕ್ಸ್‌ಟೆಂಡೆಡ್ ಇನ್ಶೂರೆನ್ಸ್ ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಅದರಲ್ಲಿನ ಮೊತ್ತ, ಕೊನೆಯ ದಿನಾಂಕ, ನಾಮಿನಿ ಹೆಸರು ಮೂರನ್ನೂ ನೋಡಿ, ಪ್ರತಿಯನ್ನು ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಜೊತೆಗೇ ಇಟ್ಟೆ. ಬೀರುವಿನ ಬೇರೆ ಖಾನೆಯಲ್ಲಿ ಇಟ್ಟರೆ ಬೇಕಾದಾಗ ಸಿಗುವುದಿಲ್ಲ.

ಎರಡನೆಯದು ಪಿಎಲ್‌ಐ, ಅಂಚೆ ಜೀವ ವಿಮೆ. ನೌಕರಿ ಬಿಟ್ಟರೆ ಪಾಲಿಸಿ ರದ್ದಾಗುತ್ತದೆ ಎಂದು ತಿಳಿದು ಸರೆಂಡರ್ ಮಾಡುವವರಿದ್ದಾರೆ, ಅಂದರೆ ಅವಧಿಗೆ ಮೊದಲೇ ಪಾಲಿಸಿ ಬಿಟ್ಟು ಸಿಕ್ಕಷ್ಟು ಹಣ ತೆಗೆದುಕೊಳ್ಳುವವರು. ರದ್ದಾಗುವುದಿಲ್ಲ. ಕಟ್ಟುವ ದಾರಿ ಬದಲಾಗುತ್ತದೆ, ಅಷ್ಟೆ: ಸಂಬಳದ ಕಟಾವಣೆಯಿಂದ ಅಂಚೆ ಕಚೇರಿಯ ಕೌಂಟರಿಗೋ ಆನ್‌ಲೈನಿಗೋ. ಪಾಲಿಸಿ ಬಾಂಡ್, ಕೊನೆಯ ಪೇ ಸ್ಲಿಪ್, ಡಿಸ್ಚಾರ್ಜ್ ಬುಕ್‌ನ ಪ್ರತಿ, ಆಧಾರ್, ಹೊಸ ವಿಳಾಸದ ದಾಖಲೆ ಹಿಡಿದು ಊರಿನ ಪ್ರಧಾನ ಅಂಚೆ ಕಚೇರಿಗೆ ಹೋಗಿ, ಕಂತು ಕಟ್ಟುವ ವಿಧಾನ ಬದಲಿಸಲು ಅರ್ಜಿ ಕೊಡಬೇಕು. ಮೊಬೈಲ್ ನಂಬರ್ ಅವತ್ತೇ ಸೇರಿಸಿ. ಆನ್‌ಲೈನ್ ಖಾತೆ ತೆರೆಯಲು ಅದು ಬೇಕೇ ಬೇಕು. ಆರು ತಿಂಗಳ ಕಂತು ಮುಂಗಡ ಕಟ್ಟಿದರೆ ಶೇ. 1, ವರ್ಷದ್ದು ಕಟ್ಟಿದರೆ ಶೇ. 2 ರಿಯಾಯಿತಿ ಇದೆ. ಮೊದಲ ವರ್ಷ ಮುಂಗಡ ಕಟ್ಟಿಬಿಡುವುದು ನನ್ನ ಪದ್ಧತಿ. ಹೊಸ ಊರು, ಹೊಸ ಕೆಲಸದ ಗಡಿಬಿಡಿಯಲ್ಲಿ ಕಂತು ತಪ್ಪುವುದು ಆ ವರ್ಷವೇ.

ಅರ್ಜಿ ಕೊಡುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಕಂಪ್ಯೂಟರ್‌ನಲ್ಲಿ ಪಾಲಿಸಿಯ ಖಾತೆ ತೆಗೆಸಿ, ಕಟ್ಟಿದ ಕಂತುಗಳ ಪಟ್ಟಿಯನ್ನು ಪೇ ಸ್ಲಿಪ್‌ಗಳ ಜೊತೆ ತಿಂಗಳು ತಿಂಗಳು ತಾಳೆ ನೋಡಬೇಕು. ಸಂಬಳದಲ್ಲಿ ಹಣ ಕಟಾವಾಗಿಯೂ ಪಾಲಿಸಿಗೆ ಜಮಾ ಆಗದ ತಿಂಗಳುಗಳು ಇರುತ್ತವೆ. ಯೂನಿಟ್ ಬದಲಾದಾಗ, ಬಡ್ತಿಯಾಗಿ ವೇತನ ಹೊಂದಾಣಿಕೆಯಾದಾಗ ಇಂಥ ಗ್ಯಾಪ್ ಬೀಳುವ ಸಂಭವ ಹೆಚ್ಚು. ಪಾಲಿಸಿಗೆ ಮೂರು ವರ್ಷ ತುಂಬಿರದಿದ್ದರೆ ಆರು ಕಂತು, ತುಂಬಿದ್ದರೆ ಹನ್ನೆರಡು ಕಂತು ಬಾಕಿಯಾದರೆ ಲ್ಯಾಪ್ಸ್, ಅಂದರೆ ಪಾಲಿಸಿ ನಿಂತುಹೋಗುತ್ತದೆ. ಆಮೇಲೆ ಬಡ್ಡಿ ಸಮೇತ ಬಾಕಿ ಕಟ್ಟಿ, ಆರೋಗ್ಯದ ಪುರಾವೆ ಕೊಟ್ಟು ಜೀವ ತುಂಬಬೇಕು. ನಾಲ್ಕು ತಿಂಗಳ ಹಳೆಯ ಗ್ಯಾಪ್‌ಗೆ ಹೊರಗೆ ಬಂದ ಮೇಲೆ ತಪ್ಪಿದ ಎರಡು ತಿಂಗಳು ಸೇರಿದರೆ ಆರಾಯಿತು. ಆ ನಾಲ್ಕು ತಿಂಗಳ ಪೇ ಸ್ಲಿಪ್ ಕೈಯಲ್ಲಿದ್ದರೆ ಮಾತ್ರ ‘ಹಣ ಕಟಾವಾಗಿದೆ’ ಎಂದು ವಾದಿಸಬಹುದು. ಯೂನಿಟ್ ಬಿಡುವ ಮೊದಲೇ ಎಲ್ಲ ಪೇ ಸ್ಲಿಪ್‌ಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಪಿಎಲ್‌ಐನ ‘ಸುರಕ್ಷಾ’ ಪಾಲಿಸಿ ಇದ್ದವರು ಅದನ್ನು ಸರೆಂಡರ್ ಮಾಡುವ ಮೊದಲು ಎರಡು ಸಲ ಯೋಚಿಸಲಿ. ಅದು 80 ವರ್ಷದವರೆಗಿನ ರಕ್ಷಣೆ. ಟರ್ಮ್ ಪಾಲಿಸಿಗಳಲ್ಲಿ ಬಹುಪಾಲು ಅಷ್ಟೊತ್ತಿಗೆ ಮುಗಿದಿರುತ್ತವೆ.

ಎಲ್‌ಐಸಿ ಪಾಲಿಸಿಯ ಕಂತು ಸಂಬಳದಿಂದ ಹೋಗುತ್ತಿದ್ದರೆ ಅಲ್ಲೂ ಇದೇ ಕಥೆ. ಪಾಲಿಸಿ ಇರುವ ಶಾಖೆಗೆ ಅರ್ಜಿ ಕೊಟ್ಟು ಸಂಬಳ ಉಳಿತಾಯ ಯೋಜನೆಯಿಂದ ಹೊರಬಂದು, ಬ್ಯಾಂಕ್ ಖಾತೆಯಿಂದ ಮಾಸಿಕ ಇಲ್ಲವೇ ಅರ್ಧವಾರ್ಷಿಕ, ವಾರ್ಷಿಕ ಕಂತಿಗೆ ಬದಲಿಸಿಕೊಳ್ಳಬೇಕು. ಮಾಸಿಕ ಕಂತಿಗೆ ಗ್ರೇಸ್ (ತಡವಾಗಿ ಕಟ್ಟಲು ಸಿಗುವ ಕಾಲಾವಕಾಶ) 15 ದಿನ, ಉಳಿದವಕ್ಕೆ 30 ದಿನ. ಲ್ಯಾಪ್ಸ್ ಆದರೆ ಕಟ್ಟದ ಮೊದಲ ಕಂತಿನಿಂದ ಐದು ವರ್ಷದೊಳಗೆ ಪುನಶ್ಚೇತನ ಮಾಡಬಹುದು ಎಂದು ಧೈರ್ಯ ಹೇಳುವವರು ಒಂದು ವಿಷಯ ಹೇಳುವುದಿಲ್ಲ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಆದರೆ ಪುನಶ್ಚೇತನ ಮಾಡಿದರೆ ಆ ಮೂರು ವರ್ಷ ಪುನಶ್ಚೇತನದ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ. ಹದಿನೈದು ವರ್ಷ ಹಳೆಯ ಪಾಲಿಸಿಗೆ ಎರಡು ಕಂತು ತಪ್ಪಿಸಿ ಈ ರಕ್ಷಾಕವಚ ಕಳೆದುಕೊಳ್ಳುವುದು ದುಬಾರಿ ಬಾಬತ್ತು.

ಬ್ಯಾಂಕಿನ ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್ ವಿಮೆಯ ಬಗ್ಗೆ ಚುಟುಕಾಗಿ: ಅದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಅಪಘಾತ ವಿಮೆ. ಹೃದಯಾಘಾತಕ್ಕೋ ಕ್ಯಾನ್ಸರಿಗೋ ಅದು ಬರುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಡಿ. ಆದರೂ ನಿವೃತ್ತಿಯಾದ ಮೇಲೆ ಖಾತೆಯನ್ನು ಡಿಫೆನ್ಸ್ ಪಿಂಚಣಿ ಪ್ಯಾಕೇಜಿಗೆ ಬದಲಿಸಿಕೊಡಿ ಎಂದು ಬರೆದು ಕೊಡಿ, ಪುಕ್ಕಟೆ ಸಿಗುವುದನ್ನು ಬಿಡಬಾರದು. ಪ್ರಧಾನಮಂತ್ರಿ ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ರಕ್ಷಣೆ 2 ಲಕ್ಷ. 50 ವರ್ಷದೊಳಗೆ ಸೇರಿದರೆ 55ರವರೆಗೆ ನಡೆಯುತ್ತದೆ. ಕಂತು ಮೇ ತಿಂಗಳ ಕೊನೆಗೆ ಕಟಾವಾಗುತ್ತದೆ. ಪಿಂಚಣಿಗೆ ಬೇರೆ ಬ್ಯಾಂಕ್ ಕೊಟ್ಟು ಹಳೆಯ ಖಾತೆ ಖಾಲಿ ಬಿಟ್ಟವರಿಗೆ ಆ ಕಟಾವಣೆ ಸದ್ದಿಲ್ಲದೆ ತಪ್ಪುತ್ತದೆ. ಮತ್ತೆ ಸೇರಿದರೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ.

ಇಷ್ಟೆಲ್ಲ ಇದ್ದದ್ದನ್ನು ಉಳಿಸಿಕೊಳ್ಳುವ ಮಾತಾಯಿತು. ಇದು ಸಾಲುತ್ತದೆಯೇ ಎಂಬ ಲೆಕ್ಕ ಬೇರೆ, ಅದನ್ನು ಬಹುತೇಕರು ತಪ್ಪು ಜಾಗದಿಂದ ಶುರು ಮಾಡುತ್ತಾರೆ. ನಿವೃತ್ತ ಯೋಧ ತೀರಿಕೊಂಡ ತಕ್ಷಣ ಮನೆಯ ಆದಾಯ ಕುಸಿಯುತ್ತದೆ ಎಂದುಕೊಳ್ಳುತ್ತೇವೆ. ಪಿಂಚಣಿಯ ಮಟ್ಟಿಗೆ ಅದು ನಿಜವಲ್ಲ. ಪಿಂಚಣಿಗೆ ಲೆಕ್ಕ ಹಿಡಿಯುವ ಕೊನೆಯ ವೇತನ 60,000 ಎಂದು ಇಟ್ಟುಕೊಳ್ಳಿ. ಪಿಂಚಣಿ ಅರ್ಧ, 30,000. ಸಾವಿನ ನಂತರ ಏಳು ವರ್ಷ, ಇಲ್ಲವೇ ತೀರಿಕೊಂಡವರಿಗೆ 67 ತುಂಬುತ್ತಿದ್ದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರದ ಕುಟುಂಬ ಪಿಂಚಣಿ ಬರುತ್ತದೆ, ಅದೂ 30,000. ಪಿಂಚಣಿಯ ಒಂದು ಭಾಗ ಕಮ್ಯೂಟ್ ಮಾಡಿದ್ದರೂ (ಅಂದರೆ ಮೊದಲೇ ಇಡಿಗಂಟಾಗಿ ಪಡೆದಿದ್ದರೂ) ಕುಟುಂಬ ಪಿಂಚಣಿಯಲ್ಲಿ ಅದನ್ನು ಮುರಿಯುವುದಿಲ್ಲ. ನಂತರ ಶೇ. 30ರ ಸಾಮಾನ್ಯ ದರ, 18,000. ತುಟ್ಟಿಭತ್ಯೆ ಎಲ್ಲದಕ್ಕೂ ಬೇರೆ. ಅಂದರೆ ಪಿಂಚಣಿ ಕುಸಿಯುವುದು ಎಂಟನೇ ವರ್ಷದಲ್ಲಿ. ಮಗ ಡಿಗ್ರಿಗೋ ಮಗಳು ಮದುವೆಗೋ ಬರುವ ಹೊತ್ತೂ ಹೆಚ್ಚುಕಡಿಮೆ ಅದೇ ಆಗಿರುತ್ತದೆ.

ಈ ಉದಾಹರಣೆಯನ್ನೇ ಮುಂದುವರಿಸಿದರೆ: ಎಂಟನೇ ವರ್ಷದಿಂದ ಇಪ್ಪತ್ತನೇ ವರ್ಷದವರೆಗೆ ತಿಂಗಳಿಗೆ 12,000 ಕೊರತೆ, ಹದಿಮೂರು ವರ್ಷಕ್ಕೆ 18.72 ಲಕ್ಷ. ನಿವೃತ್ತಿಯ ನಂತರದ ಎರಡನೇ ನೌಕರಿಯಲ್ಲಿ 25,000 ಸಂಬಳವಿದ್ದು ಇನ್ನೂ ಹದಿನೈದು ವರ್ಷ ದುಡಿಯುವ ಅಂದಾಜಿದ್ದರೆ 45 ಲಕ್ಷ. ಮನೆ ಸಾಲ 20 ಲಕ್ಷ. ಒಟ್ಟು 83.72 ಲಕ್ಷ. ಇದರಲ್ಲಿ ಎಕ್ಸ್‌ಟೆಂಡೆಡ್ ಇನ್ಶೂರೆನ್ಸ್, ಪಿಎಲ್‌ಐ, ಎಲ್‌ಐಸಿ ಮೊತ್ತಗಳನ್ನು ಕಳೆದು ಉಳಿದದ್ದಕ್ಕೆ ಟರ್ಮ್ ಪಾಲಿಸಿ. ಬೆಲೆ ಏರಿಕೆ ಒಂದು ಕಡೆ, ಠೇವಣಿಯ ಬಡ್ಡಿ ಇನ್ನೊಂದು ಕಡೆ ಎಂದು ಎರಡನ್ನೂ ಬಿಟ್ಟಿದ್ದೇನೆ. ಒರಟು ಲೆಕ್ಕವೇ ಇರಲಿ, ಲೆಕ್ಕ ಹಾಕದೆ ‘ಒಂದು ಕೋಟಿ ತಗೊಳ್ಳಿ ಸಾರ್’ ಎನ್ನುವ ಮಾತಿಗಿಂತ ವಾಸಿ.

ಟರ್ಮ್ ಪಾಲಿಸಿಯನ್ನು ಸೇವೆಯಲ್ಲಿರುವಾಗಲೇ ಕೊಳ್ಳುವುದಕ್ಕೆ ಬಲವಾದ ಕಾರಣವಿದೆ. ಕಂಪನಿಗಳು ವಿಮಾ ಮೊತ್ತವನ್ನು ವಾರ್ಷಿಕ ಆದಾಯದ ಇಂತಿಷ್ಟು ಪಟ್ಟು ಎಂದು ಕೊಡುತ್ತವೆ. ಪೂರ್ಣ ಸಂಬಳದ ಸ್ಲಿಪ್ ತೋರಿಸಿದರೆ ಸಿಗುವ ಮೊತ್ತ, ಪಿಂಚಣಿ ಸ್ಲಿಪ್ ತೋರಿಸಿದರೆ ಅರ್ಧಕ್ಕೆ ಇಳಿಯಬಹುದು. ಸೇನೆಯವರಿಗೆಂದು ಬೇರೆ ಪ್ರಶ್ನಾವಳಿ ಕೊಡುವ ಕಂಪನಿಗಳಿವೆ. ಎಲ್ಲಿ ಪೋಸ್ಟಿಂಗ್, ಪ್ಯಾರಾ ಜಂಪ್ ಇದೆಯೇ, ಸ್ಫೋಟಕಗಳ ಕೆಲಸವೇ ಎಂದು ಕೇಳುತ್ತವೆ. ನಿವೃತ್ತಿ ಹತ್ತಿರವಿದೆಯೇ ಎಂದು ಕೇಳಿದರೆ ಹೌದೆಂದೇ ಬರೆಯಿರಿ. ಯುದ್ಧಕ್ಕೆ ಸಂಬಂಧಿಸಿದ ಹೊರಗಿಡುವಿಕೆ ಇದೆಯೇ, ವೃತ್ತಿ ಬದಲಾದರೆ ತಿಳಿಸಬೇಕೇ ಎಂಬ ಎರಡು ಸಾಲುಗಳನ್ನು ಬಾಂಡ್ ಬಂದ ತಕ್ಷಣ ಹುಡುಕಿ ಓದಿ. ಮನಸ್ಸಿಗೆ ಬಾರದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ, ಹಳೆಯ ಕೊಟೇಶನ್ ಹಿಡಿದು ಹೋಲಿಸಬೇಡಿ.

ಆರೋಗ್ಯದ ಕಾಲಮ್ಮಿನಲ್ಲಿ ಮುಚ್ಚುಮರೆ ಬೇಡ. ಲೋ ಮೆಡಿಕಲ್ ಕೆಟಗರಿ (ಕಾಯಿಲೆಯಿಂದಾಗಿ ಸೇನೆ ಇಳಿಸಿದ ಆರೋಗ್ಯ ದರ್ಜೆ) ಆಗಿದ್ದರೆ ಬರೆಯಿರಿ. ಬಿಡುಗಡೆಯ ಮೆಡಿಕಲ್ ಬೋರ್ಡ್ ಆಗಿದ್ದರೆ ಆ ಬೋರ್ಡಿನ ವರದಿಯಾದ ಎಎಫ್‌ಎಂಎಸ್‌ಎಫ್-16 ಪ್ರತಿಯನ್ನೇ ಲಗತ್ತಿಸಿ. ಬಿಪಿ, ಸಕ್ಕರೆ, ಬೆನ್ನುಮೂಳೆಯ ತೊಂದರೆ ಅದರಲ್ಲಿ ದಾಖಲಾಗಿ, ಅದರ ಮೇಲೆ ಡಿಸೆಬಿಲಿಟಿ ಪಿಂಚಣಿಯೂ ಪಿಪಿಒದಲ್ಲಿ ಮುದ್ರಿತವಾಗಿರುತ್ತದೆ. ಕ್ಲೇಮ್ ತನಿಖೆಗೆ ಬರುವವನ ಕೈಗೆ ಸಿಗುವುದು ಅದೇ ಪಿಪಿಒ. ಪಿಂಚಣಿಗೆ ಕಾಯಿಲೆ ಇದೆ, ವಿಮೆಗೆ ಇಲ್ಲ ಎಂದರೆ ನಡೆಯುವುದಿಲ್ಲ. ಹೆಚ್ಚು ಪ್ರೀಮಿಯಂ ಹಾಕಿದರೆ ಹಾಕಲಿ.

ಅಗ್ನಿವೀರರಿಗೆ ಈ ಮಾತು ಇನ್ನೂ ಬಿಗಿಯಾಗಿ ಹೇಳಬೇಕು. ಅವರಿಗೆ 48 ಲಕ್ಷದ ವಿಮೆ ನಾಲ್ಕು ವರ್ಷದ ಅವಧಿಗೆ ಮಾತ್ರ. ಹೊರಬಂದ ಮೇಲೆ ಪಿಂಚಣಿ ಇಲ್ಲ, ಹಾಗಾಗಿ ಕುಟುಂಬ ಪಿಂಚಣಿಯ ಲೆಕ್ಕವೂ ಇಲ್ಲ. ಕೈಗೆ ಬರುವುದು ಬಡ್ಡಿ ಸೇರಿ ಸುಮಾರು 11.71 ಲಕ್ಷದ ಸೇವಾ ನಿಧಿ. ಆ ವಯಸ್ಸಿಗೆ ಟರ್ಮ್ ಪ್ರೀಮಿಯಂ ಬಹಳ ಅಗ್ಗ. ಆದರೆ ಕೆಲಸ ಹುಡುಕುವ ತಿಂಗಳುಗಳಲ್ಲಿ ಆದಾಯದ ಪುರಾವೆ ಇರುವುದಿಲ್ಲ. ನಾಲ್ಕನೇ ವರ್ಷದ 40,000ದ ಪ್ಯಾಕೇಜ್ ಪೇ ಸ್ಲಿಪ್‌ನಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ತಂದೆತಾಯಿ ನಿಮ್ಮ ದುಡಿಮೆಯನ್ನೇ ನೆಚ್ಚಿದ್ದರೆ, ಮದುವೆಯಾಗಲಿ ನೋಡೋಣ ಎಂದು ಮುಂದೂಡಬೇಡಿ.

ಕೊನೆಗೆ ಹೆಸರುಗಳು. ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಕಡತದಲ್ಲಿ ಹೆಂಡತಿ ‘ಶಾಂತವ್ವ’, ಆಧಾರ್‌ನಲ್ಲಿ ‘ಶಾಂತಾ’, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಸಿ ಮತ್ತೊಂದು. ನಮ್ಮ ಕಡೆ ಇದು ಮಾಮೂಲು. ಜನ್ಮದಿನಾಂಕವೂ ಹಾಗೇ. ಸೇವೆಯಲ್ಲಿರುವಾಗ ಯೂನಿಟ್ ಆಫೀಸಿನಲ್ಲಿ ಪಾರ್ಟ್-2 ಆರ್ಡರ್ (ಸೇವಾ ದಾಖಲೆಯಲ್ಲಿ ಬದಲಾವಣೆ ನಮೂದಿಸುವ ಆದೇಶ) ಹೊರಡಿಸಿದರೆ ತಿದ್ದುಪಡಿಯಾಗುತ್ತದೆ. ಹೊರಗೆ ಬಂದ ಮೇಲೆ ಅಫಿಡವಿಟ್ಟು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಅಲ್ಲಿಂದ ರೆಕಾರ್ಡ್ ಆಫೀಸು ಎಂದು ಸುತ್ತಬೇಕು. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಎಎಸ್‌ಸಿಯವರಿಗೆ (ಆರ್ಮಿ ಸರ್ವಿಸ್ ಕೋರ್) ಬೆಂಗಳೂರು, ಮರಾಠಾ ಲೈಟ್ ಇನ್ಫೆಂಟ್ರಿಯವರಿಗೆ ಬೆಳಗಾವಿ ಆದ್ದರಿಂದ ಪರವಾಗಿಲ್ಲ. ರೆಕಾರ್ಡ್ ಆಫೀಸು ಹೊರ ರಾಜ್ಯದಲ್ಲಿರುವವರು ಪತ್ರ ಬರೆದು ಕಾಯಬೇಕು. ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಮಾಡಿದ ನಾಮಿನೇಶನ್ ಪಿಂಚಣಿ ಬಾಕಿಗೆ, ಅದು ವಿಮೆಗೆ ಅನ್ವಯಿಸುವುದಿಲ್ಲ. ಒಂದೊಂದು ಪಾಲಿಸಿಗೂ ಬೇರೆ ಬೇರೆಯಾಗಿ ನೋಡಬೇಕು. ಮದುವೆಗೆ ಮೊದಲು ತಾಯಿಯ ಹೆಸರು ಬರೆದದ್ದು ಹಾಗೇ ಉಳಿದಿರುವುದು ಹಳೆಯ ಪಿಎಲ್‌ಐ ಬಾಂಡ್‌ಗಳಲ್ಲಿ ಸಾಮಾನ್ಯ.

ಇವೆಲ್ಲ ಮುಗಿದ ಮೇಲೆ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಟ್ಟಿದ್ದೇನೆ: ಆರ್ಮಿ ನಂಬರ್, ಪಿಪಿಒ ನಂಬರ್, ರೆಕಾರ್ಡ್ ಆಫೀಸಿನ ವಿಳಾಸ, ಒಂದೊಂದು ವಿಮೆಯ ಹೆಸರು, ನಂಬರ್, ಮೊತ್ತ, ಯಾವ ದಿನದವರೆಗೆ, ಯಾರು ನಾಮಿನಿ. ಎಕ್ಸ್‌ಟೆಂಡೆಡ್ ಇನ್ಶೂರೆನ್ಸಿನ ಕ್ಲೇಮ್ ಕಾಗದಕ್ಕೆ ಮೊದಲು ರೆಕಾರ್ಡ್ ಆಫೀಸಿಗೆ ಬರೆಯಬೇಕು, ಮರಣ ಪ್ರಮಾಣಪತ್ರದ ಮೂಲ ಪ್ರತಿಗಳನ್ನು ಒಂದಲ್ಲ, ಹತ್ತು ತೆಗೆಸಿಟ್ಟುಕೊಳ್ಳಬೇಕು ಎಂಬುದೂ ಅದರಲ್ಲಿದೆ. ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಕೊಟ್ಟು ಬಂದ ದಿನವೇ ಆ ಹಾಳೆ ತೆಗೆದು ಪಾಲಿಸಿಗಳ ಕಂತು ಯಾವ ಖಾತೆಯಿಂದ ಹೋಗಿದೆ, ಹೋಗಿದೆಯೋ ಇಲ್ಲವೋ ಎಂದು ಪಾಸ್‌ಬುಕ್ ಜೊತೆ ತಾಳೆ ನೋಡುತ್ತೇನೆ.