ಎರಡನೇ ಮಹಡಿ, ಹೊಲಿಗೆ ಅಂಗಡಿಯ ಮೇಲೆ

2021ರ ಆಗಸ್ಟ್‌ನಲ್ಲಿ ಬಳ್ಳಾರಿಯಲ್ಲಿ ಆಪ್ತ ಸಮಾಲೋಚನೆಗೆಂದು, ಅಂದರೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬರುವವರ ಜೊತೆ ಕೂತು ಮಾತಾಡಲೆಂದು, ನಾನು ಹಿಡಿದ ಮೊದಲ ಕೋಣೆ ನೆಲಮಹಡಿಯಲ್ಲಿತ್ತು. ರಸ್ತೆಗೇ ಬಾಗಿಲು, ಮುಂದೆ ಬೈಕ್ ನಿಲ್ಲಿಸಲು ಜಾಗ. ತಿಂಗಳಿಗೆ 5,000 ರೂಪಾಯಿ ಬಾಡಿಗೆ, 40,000 ಮುಂಗಡ. ಅಗ್ಗವಾಯಿತೆಂದು ಖುಷಿಪಟ್ಟು ಸುಣ್ಣಬಣ್ಣ ಮಾಡಿಸಿದೆ. ಎದುರಿಗೆ ಚಹಾದ ಅಂಗಡಿ ಇದ್ದುದನ್ನೂ ಅನುಕೂಲಗಳ ಪಟ್ಟಿಗೆ ಸೇರಿಸಿಕೊಂಡಿದ್ದೆ.

ಮೂರು ತಿಂಗಳಲ್ಲಿ ಫೋನ್ ಮಾಡಿ ಸಮಯ ಕೇಳಿದವರು 11 ಮಂದಿ, ಒಳಗೆ ಬಂದವರು ನಾಲ್ವರು. ಉಳಿದವರು ಎಲ್ಲಿ ಹೋದರು ಎಂಬುದು ತಿಳಿದದ್ದು ಒಬ್ಬ ಹೆಣ್ಣುಮಗಳ ಫೋನಿನಿಂದ. “ಮೇಡಂ, ಬಾಗಿಲ ತನಕ ಬಂದಿದ್ದೆ. ಎದುರಿಗೆ ನಮ್ಮ ಭಾವನವರು ಚಹಾ ಕುಡಿಯುತ್ತ ನಿಂತಿದ್ದರು. ಅದೇ ಆಟೊದಲ್ಲಿ ವಾಪಸ್ ಹೋದೆ.” ಬಳ್ಳಾರಿ ಮಹಾನಗರ ಪಾಲಿಕೆ ಇರುವ ಊರು ನಿಜ. ಆದರೆ ಯಾವ ಸರ್ಕಲ್‌ನಲ್ಲಿ ನಿಂತರೂ ಒಬ್ಬ ಭಾವನವರು ಚಹಾ ಕುಡಿಯುತ್ತಿರುತ್ತಾರೆ.

ಎರಡನೇ ಸಲ ಕೋಣೆ ಹುಡುಕುವಾಗ ನಾನು ಮೆಟ್ಟಿಲುಗಳನ್ನು ನೋಡುತ್ತ ಅಲೆದೆ. ಈಗಿರುವ ಕಟ್ಟಡದ ಮೊದಲ ಮಹಡಿಯಲ್ಲಿ ಬ್ಲೌಸ್ ಹೊಲಿದು ಸೀರೆಗೆ ಫಾಲ್ ಹಾಕುವ ಅಂಗಡಿಯಿದೆ, ಅದರ ಹಿಂದೆ ವಿಮೆ ಏಜೆಂಟರೊಬ್ಬರ ಕಚೇರಿ. ಹೆಂಗಸರು ಮೆಟ್ಟಿಲು ಹತ್ತಿದರೆ ಬ್ಲೌಸಿಗೆ, ಗಂಡಸರು ಹತ್ತಿದರೆ ಪ್ರೀಮಿಯಂ ಕಟ್ಟಲು, ಗಂಡಹೆಂಡತಿ ಕೂಡಿ ಹತ್ತಿದರೆ ಪಾಲಿಸಿ ಮಾಡಿಸಲು. ಅದರ ಮೇಲಿನ ಮಹಡಿ ನನ್ನದು. ಬಾಡಿಗೆ 2,000 ಹೆಚ್ಚು, ಬೇಸಿಗೆಯಲ್ಲಿ ಛಾವಣಿ ಕಾದ ಹಂಚಿನಂತೆ. ಆದರೂ ಸಮಯ ಕೇಳಿದವರಲ್ಲಿ ಹೆಚ್ಚಿನವರು ಈಗ ಬರುತ್ತಾರೆ.

ಮನೆ ಮಾಲೀಕರು ಯಾಕೆ, ಏನು ಎಂದು ಕೇಳದೆ ಕೋಣೆ ಕೊಟ್ಟದ್ದಕ್ಕೂ ಒಂದು ಹಿನ್ನೆಲೆಯಿದೆ. ಅದಕ್ಕೂ ಮೊದಲು ಇಬ್ಬರು ಮಾಲೀಕರು “ಹುಚ್ಚರು ಬಂದು ಹೋಗುವ ಜಾಗವಾದರೆ ಬೇರೆ ಬಾಡಿಗೆದಾರರು ಬಿಟ್ಟು ಹೋಗುತ್ತಾರೆ” ಎಂದು ಮುಖದ ಮೇಲೆಯೇ ಹೇಳಿದ್ದರು. ಇವರು ಮಾತ್ರ ನಿವೃತ್ತ ಆರೋಗ್ಯ ಸಹಾಯಕರು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ, ಮೂರ್ಛೆರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟಿತ್ತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಇವರೂ ಆ ದಿನಗಳಲ್ಲಿ ಹಳ್ಳಿ ಸುತ್ತಿದವರು. “ಸೈಕಲ್ ಮೇಲೆ ಹೋಗಿ, ಮನೆಯಲ್ಲಿ ಯಾರನ್ನಾದರೂ ಕಟ್ಟಿ ಹಾಕಿದ್ದೀರಾ ಎಂದು ಕೇಳುತ್ತಿದ್ದೆವು ತಾಯಿ. ನೀವು ಕೋಣೆಯಲ್ಲಿ ಕೂತು ಮಾತಾಡಿಸುತ್ತೀರಿ, ಅಷ್ಟೇ ಅಲ್ಲವೇ?” ಎಂದರು. ಕರಾರು ಪತ್ರಕ್ಕೆ ಅಲ್ಲೇ ಸಹಿ ಬಿತ್ತು.

ನಾಮಫಲಕ ಬರೆಸಲು ಹೋದಾಗ ಪೇಂಟರ್ ನನ್ನನ್ನು ಕೇಳದೆಯೇ ಹೆಸರಿನ ಹಿಂದೆ ‘ಡಾ.’ ಸೇರಿಸಿದ್ದ. ಅಳಿಸಿಸಿದೆ. ನಾನು ಓದಿದ್ದು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ಆಪ್ತ ಸಮಾಲೋಚನೆಯಲ್ಲಿ ಡಿಪ್ಲೊಮಾ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬರೆದುಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದು ನನಗಿಲ್ಲ. ಆದ್ದರಿಂದ ಫಲಕದಲ್ಲಿ ನನ್ನ ಹೆಸರು, ಪದವಿ, ‘ಆಪ್ತ ಸಮಾಲೋಚಕರು’, ಇಷ್ಟೇ. ಅದೂ ಮೆಟ್ಟಿಲ ಬುಡದಲ್ಲಿ ಅಲ್ಲ, ನನ್ನ ಬಾಗಿಲಿನ ಮೇಲೆ ಮಾತ್ರ. ಫಲಕದ ಶೇ 60ರಷ್ಟು ಕನ್ನಡದಲ್ಲಿರಬೇಕೆಂಬ ನಿಯಮ 2024ರಲ್ಲಿ ಬಂದಾಗ ಊರೆಲ್ಲ ಪೇಂಟರುಗಳಿಗೆ ಸುಗ್ಗಿ. ನನ್ನದು ಮೊದಲಿನಿಂದಲೂ ಪೂರ್ತಿ ಕನ್ನಡದ್ದೇ, ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಕಾಗದಪತ್ರದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಲಿಕೆಯಿಂದ ಉದ್ದಿಮೆ ಪರವಾನಗಿ ತೆಗೆದುಕೊಂಡೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನನ್ನಂಥವರಿಗೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರಹದಲ್ಲಿಯೇ ಕೇಳಿದೆ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಕಡತದಲ್ಲಿಟ್ಟೆ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದ ಮೇಲಿನ ಮಾತು. ನನ್ನ ವರಮಾನ ಇನ್ನೂ ಆ ದಿಕ್ಕಿಗೆ ತಲೆ ಹಾಕಿಯೂ ಮಲಗಿಲ್ಲ.

ಕೋಣೆಯೊಳಗೆ ಮೊದಲು ದೊಡ್ಡ ಮೇಜು ಹಾಕಿಸಿದ್ದೆ. ಅದರಾಚೆ ಕೂತ ಗಂಡಸರು ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಂತೆ ಮಾತನಾಡುತ್ತಿದ್ದರು. ಹೆಂಗಸರು ಮೇಜಿನ ಅಂಚು ಹಿಡಿದುಕೊಂಡೇ ಇರುತ್ತಿದ್ದರು. ಎರಡು ತಿಂಗಳಾದ ಮೇಲೆ ಮೇಜನ್ನು ಮಾರಿ, ಒಂದೇ ಎತ್ತರದ ನಾಲ್ಕು ಬೆತ್ತದ ಕುರ್ಚಿ ತಂದೆ. ಟಿಪ್ಪಣಿ ಪುಸ್ತಕ ತೊಡೆಯ ಮೇಲೆ. ಅದರಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಮನೆಯ ಬೀರುವಿನಲ್ಲಿದೆ.

ಸದ್ದಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಕೂಲರ್ ಇಲ್ಲದೆ ಯಾರೂ ಮನಸ್ಸು ಬಿಚ್ಚಲಾರರು. ಕೂಲರಿನ ಭೋರ್ಗರೆತಕ್ಕೆ ಎಲ್ಲರೂ ದನಿ ಏರಿಸಿ ಮಾತನಾಡುತ್ತಾರೆ. ಒಂದು ಮಧ್ಯಾಹ್ನ, ತನ್ನ ಬದುಕಿನಲ್ಲಿ ಯಾರಿಗೂ ಹೇಳದ್ದನ್ನು ಒಬ್ಬರು ಕೂಗಿ ಹೇಳುತ್ತಿರುವಾಗಲೇ ಕರೆಂಟ್ ಹೋಯಿತು. ಕೊನೆಯ ನಾಲ್ಕು ಪದಗಳು ಇಡೀ ಮಹಡಿಗೆ ಕೇಳಿಸಿದವು. ಹೊರಗೆ ಕಾಯುತ್ತಿದ್ದವರು ಆಮೇಲೆ ನನ್ನ ಮುಖ ನೋಡಲಿಲ್ಲ. ಮರುದಿನವೇ ಇನ್ವರ್ಟರ್ ಹಾಕಿಸಿದೆ, ಬಾಗಿಲ ಹೊರಗೆ ಒಂದು ಹಳೆಯ ಟೇಬಲ್ ಫ್ಯಾನ್ ಇಟ್ಟೆ. ಅದರ ಗರಗರ ಸದ್ದು ಯಾವ ದುಬಾರಿ ವ್ಯವಸ್ಥೆಗಿಂತ ಚೆನ್ನಾಗಿ ಒಳಗಿನ ಮಾತನ್ನು ಒಳಗೇ ಇಡುತ್ತದೆ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಅರ್ಧ ಗಂಟೆ ಬಿಡುವುದನ್ನೂ ಆಗಲೇ ಶುರು ಮಾಡಿದೆ. ಮೆಟ್ಟಿಲಿನಲ್ಲಿ ಇಬ್ಬರು ಮುಖಾಮುಖಿಯಾಗಬಾರದು.

ಇನ್ನು ದುಡ್ಡು. 50 ನಿಮಿಷಕ್ಕೆ 500 ರೂಪಾಯಿ, ಗಂಡಹೆಂಡತಿ ಕೂಡಿ ಬಂದರೆ 90 ನಿಮಿಷಕ್ಕೆ 900. “ಬರೀ ಮಾತಿಗೆ ಐನೂರೇ? ಗುಳಿಗೆ ಇಲ್ಲ, ಸೂಜಿ ಇಲ್ಲ” ಎಂದವರನ್ನು ನಾನು ದೂರುವುದಿಲ್ಲ. ಮನೆಯಲ್ಲಿ ಜೀನ್ಸ್ ಹೊಲಿದು ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಗಳಿಗೆ ನನ್ನ ಹತ್ತಿರ ಕೂರುವ ಗಂಟೆ ಎಂದರೆ ಶುಲ್ಕದ ಜೊತೆಗೆ ಕೈಬಿಟ್ಟ ಪೀಸುಗಳ ಖರ್ಚೂ ಹೌದು. ವಾರಕ್ಕೆ ಎರಡು ಸಮಯಗಳನ್ನು ಕಡಿಮೆ ಶುಲ್ಕಕ್ಕೆ ಇಟ್ಟಿದ್ದೇನೆ. ಮೂರಿಟ್ಟರೆ ಬಾಡಿಗೆ ಹುಟ್ಟುವುದಿಲ್ಲ. ಮೊದಲ ಎರಡು ವರ್ಷ ಬೆಳಗ್ಗೆ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಇದ್ದೆ. ಆ ಸಂಬಳ ಇರದಿದ್ದರೆ, ಬಂದವರನ್ನು ಬೇಗ ಬಿಡಲು ಮನಸ್ಸಾಗದೆ ಎಳೆಯುತ್ತಿದ್ದೆನೇನೋ.

ದುಡ್ಡು ತೆಗೆದುಕೊಳ್ಳುವ ದಾರಿಯಲ್ಲಿ ನಾನು ಮಾಡಿದ ತಪ್ಪು ಈಗಲೂ ಚುಚ್ಚುತ್ತದೆ. ಯುಪಿಐ ಕ್ಯೂಆರ್ ಕೋಡನ್ನು ‘ಸಮಾಲೋಚನಾ ಕೇಂದ್ರ’ ಎಂಬ ಹೆಸರಿನಲ್ಲಿ ಮಾಡಿಸಿದ್ದೆ, ಅಚ್ಚುಕಟ್ಟಾಗಿ ಕಾಣಲೆಂದು. ಒಬ್ಬರ ಮೊಬೈಲಿನಲ್ಲಿ ಅವರ ಗಂಡ ಆ ಹೆಸರನ್ನು ಕಂಡರು. “ನನ್ನ ಮಾನ ಯಾರ ಮುಂದೆ ಹರಾಜು ಹಾಕಿ ಬಂದೆ?” ಎಂದು ಮನೆಯಲ್ಲಿ ರಂಪವಾಯಿತಂತೆ. ಆಕೆ ಮತ್ತೆ ಬರಲಿಲ್ಲ. ಮೆಟ್ಟಿಲು, ಫಲಕ, ಫ್ಯಾನ್ ಎಲ್ಲವನ್ನೂ ಯೋಚಿಸಿದವಳಿಗೆ ಮೊಬೈಲೂ ಒಂದು ಬಾಗಿಲೆಂದು ಹೊಳೆದಿರಲಿಲ್ಲ. ಈಗ ಹಣ ನನ್ನ ಬರಿಯ ಹೆಸರಿಗೆ ಬರುತ್ತದೆ. ಸಂದೇಶ ಕಳಿಸಬಹುದೇ, ಯಾವ ಹೊತ್ತಿನಲ್ಲಿ, ಆ ಫೋನನ್ನು ಇನ್ನಾರು ನೋಡುತ್ತಾರೆ ಎಂದು ಮೊದಲ ದಿನವೇ ಕೇಳುತ್ತೇನೆ.

ಗಂಡಹೆಂಡತಿಯರ ಸಮಾಲೋಚನೆ ಬೇರೆಯೇ ಲೋಕ. (ಇಲ್ಲಿನ ಪ್ರಸಂಗಗಳಲ್ಲಿ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ನಮ್ಮ ಕಡೆ ದಂಪತಿಗಳ ಜಗಳಕ್ಕೆ ಗೊತ್ತಿರುವ ಒಂದೇ ವ್ಯವಸ್ಥೆ ಪಂಚಾಯಿತಿ. ಎರಡೂ ಕಡೆಯ ಹಿರಿಯರು ಕೂರುತ್ತಾರೆ, ತಪ್ಪು ಯಾರದೆಂದು ಹೇಳುತ್ತಾರೆ, ತಪ್ಪಿತಸ್ಥರು ತಲೆ ತಗ್ಗಿಸುತ್ತಾರೆ, ಊಟ ಮಾಡಿ ಏಳುತ್ತಾರೆ. ನನ್ನ ಬಳಿ ಬರುವವರೂ ತೀರ್ಪು ಕೇಳಲೆಂದೇ ಬರುತ್ತಾರೆ. ಒಬ್ಬ ಗಂಡ ಮೂರು ವರ್ಷದ ಜಗಳಗಳನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು. ಓದಲು ಬಿಟ್ಟೆ. ಆರನೇ ಪುಟಕ್ಕೆ ಬಂದಾಗ ಹೆಂಡತಿ, “ಅವತ್ತು ನನಗೆ 102 ಜ್ವರ ಇತ್ತು, ಅದನ್ನು ಬರೆದಿಲ್ಲವೇ?” ಎಂದರು. ನೋಟ್‌ಬುಕ್ ಮುಚ್ಚಿತು, ಮಾತು ಶುರುವಾಯಿತು.

ಜೊತೆಗೆ ಅತ್ತೆ ಬರುತ್ತಾರೆ, ಕೆಲವೊಮ್ಮೆ ಅಣ್ಣನೂ. “ತಾಯೀ, ನೀವೇ ಸೊಸೆಗೆ ನಾಲ್ಕು ಬುದ್ಧಿಮಾತು ಹೇಳಿ.” ಮೊದಮೊದಲು ನಯವಾಗಿ ಅವರನ್ನು ಹೊರಗೆ ಕೂರಿಸುತ್ತಿದ್ದೆ. ಮುಂದಿನ ವಾರ ದಂಪತಿಗಳೂ ಬರುತ್ತಿರಲಿಲ್ಲ. ಹಿರಿಯರ ಒಪ್ಪಿಗೆ ಇಲ್ಲದೆ ಆ ಮನೆಯಿಂದ ಇಬ್ಬರು ಒಟ್ಟಿಗೆ ಹೊರಡುವುದು ಆಗದ ಮಾತು. ಈಗ ನಾಲ್ಕನೇ ಕುರ್ಚಿ ಅವರದು, ಮೊದಲ ಹದಿನೈದು ನಿಮಿಷಕ್ಕೆ. ಅವರ ದುಃಖ ಕೇಳಿಸಿಕೊಳ್ಳುತ್ತೇನೆ, ಅದೂ ಸುಳ್ಳಲ್ಲ. ಆಮೇಲೆ ಕೆಳಗಿನ ಹೊಲಿಗೆ ಅಂಗಡಿಯಲ್ಲಿ ಕೂತಿರಲು ಹೇಳುತ್ತೇನೆ. ಅಲ್ಲಿ ಒಬ್ಬ ಅತ್ತೆ ಎರಡು ಬ್ಲೌಸಿಗೆ ಅಳತೆ ಕೊಟ್ಟು ಹೋದದ್ದೂ ಉಂಟು.

ಈ ಕೆಲಸದಲ್ಲಿ ನನ್ನ ದೊಡ್ಡ ಎಡವಟ್ಟು ಎಂದರೆ ಹೆಂಡತಿಯನ್ನು ನಾಲ್ಕು ಸಲ ಒಬ್ಬರನ್ನೇ ಕಂಡು, ಐದನೇ ಸಲಕ್ಕೆ ಗಂಡನನ್ನು ಕರೆಸಿದ್ದು. ಆತ ಕೂರುವ ಮೊದಲೇ “ನೀವು ಅವಳ ಕಡೆಯ ವಕೀಲರು” ಎಂದ. ಅವನ ಮಾತು ಸರಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಅವನ ಚಿತ್ರ ಬರೆದಾಗಿತ್ತು. ಈಗ ಒಬ್ಬರ ಜೊತೆ ಶುರು ಮಾಡಿದ್ದರೆ ದಂಪತಿಗಳಾಗಿ ಕಾಣಲು ಬೇರೆ ಸಮಾಲೋಚಕರಲ್ಲಿಗೆ ಕಳಿಸುತ್ತೇನೆ, ಬಳ್ಳಾರಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ. ದಂಪತಿಗಳಾಗಿಯೇ ಬಂದರೆ ಮೊದಲ ಭೇಟಿ ಇಬ್ಬರದು, ಆಮೇಲೆ ಒಬ್ಬೊಬ್ಬರದು ಒಂದೊಂದು, ಮತ್ತೆ ಇಬ್ಬರದು. ಆ ಒಬ್ಬೊಬ್ಬರ ಭೇಟಿಯಲ್ಲಿ ಗುಟ್ಟು ಹೇಳಿದರೆ ಏನಾಗುತ್ತದೆ ಎಂಬುದನ್ನು ಮೊದಲೇ ಇಬ್ಬರ ಮುಂದೆ ಹೇಳಿ ಸಹಿ ಹಾಕಿಸಿಕೊಳ್ಳುತ್ತೇನೆ: ನಾನಾಗಿ ಹೇಳುವುದಿಲ್ಲ, ಆದರೆ ಅದನ್ನು ಮುಚ್ಚಿಟ್ಟುಕೊಂಡು ಇಬ್ಬರ ಭೇಟಿಯನ್ನು ಮುಂದುವರಿಸುವುದೂ ಇಲ್ಲ.

ಒಬ್ಬೊಬ್ಬರನ್ನೇ ಕಾಣುವುದಕ್ಕೆ ಇನ್ನೊಂದು ಕಾರಣ ಹೊಡೆತ. “ಮನೆಯಲ್ಲಿ ಕೈ ಎತ್ತುತ್ತಾರೆಯೇ?” ಎಂದು ಗಂಡನ ಎದುರು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ. ಹೆದರಿಕೆ ಇರುವ ಮನೆಯವರನ್ನು ನಾನು ಒಟ್ಟಿಗೆ ಕೂರಿಸುವುದಿಲ್ಲ. ಇಲ್ಲಿ ಬಾಯಿ ಬಿಟ್ಟದ್ದಕ್ಕೆ ಅಲ್ಲಿ ಏಟು ಬೀಳುತ್ತದೆ. 181 ಮಹಿಳಾ ಸಹಾಯವಾಣಿ, ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ ಸಂರಕ್ಷಣಾಧಿಕಾರಿಯ ಬಗ್ಗೆ ಬಾಯಿಮಾತಿನಲ್ಲಿ ಹೇಳುತ್ತೇನೆ. ಚೀಟಿ ಕೊಡುವುದಿಲ್ಲ. ಚೀಟಿ ಮನೆಯಲ್ಲಿ ಸಿಗುತ್ತದೆ.

ಗೋಪ್ಯತೆಗೂ ಮಿತಿಯಿದೆ. ಜೀವಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಕೇಳಿದರೆ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ನಾನು ಸುಮ್ಮನಿರುವಂತಿಲ್ಲ. ಕೊನೆಯದನ್ನು 2012ರ ಪೋಕ್ಸೊ ಕಾಯ್ದೆಯೇ ಕಡ್ಡಾಯ ಮಾಡಿದೆ. ಇದನ್ನು ಮೊದಲ ಹತ್ತು ನಿಮಿಷದಲ್ಲಿ ಹೇಳುತ್ತೇನೆ, ಓದಲು ಬಾರದವರಿಗೆ ಎರಡು ಸಲ.

ಭಾಷೆಯೆಂದರೆ ಇಲ್ಲಿ ಮನೆಮಾತು ತೆಲುಗು, ಉರ್ದು ಆಗಿರುವವರೂ ಬಹಳ. ತೆಲುಗು ನನಗೆ ಬರುತ್ತದೆ, ಉರ್ದು ಅಷ್ಟಕ್ಕಷ್ಟೇ. ಆದರೆ ಯಾವ ಭಾಷೆಯವರೂ ಖಿನ್ನತೆ, ಆತಂಕ ಎಂದು ಹೇಳಿಕೊಂಡು ಬರುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ತಲೆ ಗುಂಯ್ ಎನ್ನುತ್ತದೆ, ನರ ಸೋತಿವೆ, ಜೀವಕ್ಕೆ ಬೇಸರ. ಈ ಕೊನೆಯ ಮಾತು ಬಂದಾಗ ಪೆನ್ನು ಕೆಳಗಿಡುತ್ತೇನೆ. ಸಾಯಬೇಕು ಅನ್ನಿಸಿದೆಯೇ ಎಂದು ನೇರವಾಗಿ ಕೇಳುತ್ತೇನೆ. ಮೆಣಸಿನಕಾಯಿ, ಹತ್ತಿ ಬೆಳೆಯುವ ಮನೆಯವರಾದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: “ಎಣ್ಣೆ ಎಲ್ಲಿಟ್ಟಿದ್ದೀರಿ?” ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ರೈತರು ಎಣ್ಣೆ ಎನ್ನುತ್ತಾರೆ. ಡಬ್ಬಿಯನ್ನು ಅವತ್ತು ಸಂಜೆಯೊಳಗೆ ಅಣ್ಣನ ಮನೆಗೋ ಬೀಗ ಹಾಕಿದ ಪೆಟ್ಟಿಗೆಗೋ ಸಾಗಿಸುವವರು ಯಾರು ಎಂಬುದು ಗೊತ್ತಾಗುವ ತನಕ ಭೇಟಿ ಮುಗಿಯುವುದಿಲ್ಲ. ಆಮೇಲೆ ಮನೋವೈದ್ಯರಿಗೆ ಫೋನ್. ಔಷಧ ಬರೆಯುವ ಹಕ್ಕು ನನಗಿಲ್ಲ. ಆದ್ದರಿಂದ ಕೋಣೆ ತೆರೆಯುವ ಮೊದಲೇ ಇಬ್ಬರು ಮನೋವೈದ್ಯರನ್ನು ಕಂಡು ಮಾತನಾಡಿಕೊಂಡಿದ್ದೆ. ರಾತ್ರಿ ನನ್ನ ಫೋನ್ ಬಂದ್ ಇರುತ್ತದೆ, ಆ ಹೊತ್ತಿಗೆ 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಆ ಸಂಖ್ಯೆಯನ್ನು ಎಲ್ಲರ ಮೊಬೈಲಿನಲ್ಲಿ ನಾನೇ ಸೇವ್ ಮಾಡಿಸುತ್ತೇನೆ, ಅವರಿಗೆ ಇಷ್ಟವಾದ ಹೆಸರಿನಲ್ಲಿ. ಒಬ್ಬರು ‘ಗ್ಯಾಸ್ ಸಿಲಿಂಡರ್’ ಎಂದು ಇಟ್ಟುಕೊಂಡಿದ್ದಾರೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿಗೆ ಹೋಗುವವರಿಗಾಗಿ ಭಾನುವಾರ ಬೆಳಗ್ಗೆಯೂ ತೆರೆದಿರುತ್ತೇನೆ. ಸೋಮವಾರ ರಜೆ. ತಿಂಗಳಿಗೊಮ್ಮೆ ಬೆಂಗಳೂರಿನ ಹಿರಿಯ ಸಮಾಲೋಚಕರೊಬ್ಬರ ಮುಂದೆ ಆನ್‌ಲೈನ್‌ನಲ್ಲಿ ಕೂತು, ನನ್ನ ಕೆಲಸವನ್ನು ಅವರ ಕೈಯಲ್ಲಿ ತಿದ್ದಿಸಿಕೊಳ್ಳುತ್ತೇನೆ. ಅವರಿಗೆ ಕೊಡುವ ಶುಲ್ಕ ನನ್ನ ಮೂರು ಭೇಟಿಗಳ ಗಳಿಕೆ, ಕೊಡುವಾಗ ಹೊಟ್ಟೆ ಉರಿಯುತ್ತದೆ.

ಹೊರಗೆ ಎದುರಾದರೆ ನಾನಾಗಿ ಮಾತನಾಡಿಸುವುದಿಲ್ಲ ಎಂಬುದನ್ನೂ ಮೊದಲೇ ಹೇಳಿರುತ್ತೇನೆ. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆಯ ದಿನ ಗುಂಪಿನಲ್ಲಿ ಒಬ್ಬರು ಮೊಮ್ಮಗುವನ್ನು ಎತ್ತಿಕೊಂಡು ನನ್ನ ಮುಂದೆಯೇ ನಿಂತಿದ್ದರು. ನಾನು ರಥದ ಕಡೆ ಮುಖ ತಿರುಗಿಸಿದೆ. ಅವರೇ ಸೊಸೆಯನ್ನು ಕರೆದು “ಇವರು ನನಗೆ ಪಾಲಿಸಿ ಮಾಡಿಸಿಕೊಟ್ಟವರು” ಎಂದು ಪರಿಚಯ ಮಾಡಿಸಿದರು. ಕಂತು ಎಷ್ಟು ಎಂದು ಸೊಸೆ ಕೇಳಿದಳು. ವರ್ಷಕ್ಕೆ 6,000 ಎಂದೆ.

ಕಳೆದ ತಿಂಗಳು ಹೊಲಿಗೆಯವರು ಕಣ್ಣು ಮಂಜಾಗುತ್ತಿದೆ, ದೀಪಾವಳಿ ಮುಗಿಸಿ ಅಂಗಡಿ ಮುಚ್ಚುತ್ತೇನೆ ಎಂದರು. ಆ ಜಾಗಕ್ಕೆ ಜಿಮ್ ಮಾಡುತ್ತೇನೆಂದು ಒಬ್ಬ ಹುಡುಗ ಹೆಚ್ಚು ಬಾಡಿಗೆ ಹೇಳಿ ಹೋಗಿದ್ದಾನೆ. ಜಿಮ್ಮಿಗೆ ಯಾವ ಅತ್ತೆಯೂ ಹೋಗುವುದಿಲ್ಲ. ಮಾಲೀಕರಿಂದ ಒಂದು ತಿಂಗಳ ಗಡುವು ಪಡೆದು, ಸಂಜೆ ಹೊತ್ತು ಊರಿನ ಹೊಲಿಗೆ ಅಂಗಡಿಗಳನ್ನು ಸುತ್ತುತ್ತಿದ್ದೇನೆ, ಬಾಡಿಗೆದಾರರೊಬ್ಬರು ಸಿಗುತ್ತಾರೆಯೇ ಎಂದು.