ವೈಜ್ಞಾನಿಕ ಕಥೆಯನ್ನು ಅದರ ಕವಲು ಹಿಡಿದು ಓದುವ ಬಗೆ

ವೈಜ್ಞಾನಿಕ ಕಥೆಯೊಂದನ್ನು ಕೈಗೆತ್ತಿಕೊಂಡಾಗ, ಅಲ್ಲಿನ ಯಂತ್ರಗಳಿಗೆ ಮಾರುಹೋಗುವ ಮೊದಲು, ನಮ್ಮ ಬದುಕಿನ ಯಾವ ನಿಯಮವನ್ನು ಲೇಖಕರು ಬದಲಿಸಿದ್ದಾರೆಂದು ಗುರುತಿಸಿಕೊಳ್ಳಿ. ಇಂಥ ಕಥೆಗಳ ಒಂದೊಂದು ಕವಲಿಗೂ (ಉಪಪ್ರಕಾರಕ್ಕೂ) ಒಂದೊಂದು ವಿಷಯವಿದೆ: ಕಾಲಯಾನದ ಕಥೆಗಳು ಬಹುಪಾಲು ಪಶ್ಚಾತ್ತಾಪವನ್ನೂ, ಸೈಬರ್‌ಪಂಕ್ ಕಥೆಗಳು (ಕಂಪ್ಯೂಟರ್ ಜಾಲಗಳು ಬದುಕನ್ನೇ ಆವರಿಸಿದ ಭವಿಷ್ಯದ ಕಥೆಗಳು) ದೇಹದ ಮತ್ತು ನೆನಪಿನ ಒಡೆತನವನ್ನೂ ಕೆದಕುತ್ತವೆ. ರೋಬೋಟ್ ಕಥೆಗಳ ವಿಷಯ ದುಡಿಮೆ. ಈ ಕವಲನ್ನು ಚೆಕ್ ಲೇಖಕ ಕಾರೆಲ್ ಚಾಪೆಕ್ ಅವರ 1920ರ ‘ಆರ್.ಯು.ಆರ್.’ ನಾಟಕದಿಂದಲೇ ಆರಂಭಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ‘ರೋಬೋಟ್’ ಎಂಬ ಪದವನ್ನು ಲೋಕಕ್ಕೆ ಕೊಟ್ಟದ್ದು ಈ ನಾಟಕ. ಅದರ ಮೂಲವಾದ ಚೆಕ್ ಪದಕ್ಕೆ ನಮ್ಮ ‘ಬಿಟ್ಟಿ ಚಾಕರಿ’ ಬಹಳ ಹತ್ತಿರದ ಮಾತು. ಬಂಡೆದ್ದ ರೋಬೋಟುಗಳು, ತಮ್ಮಂತೆಯೇ ಕೈಯಿಂದ ದುಡಿಯುತ್ತಾನೆಂಬ ಕಾರಣಕ್ಕೆ, ಆಲ್ಕ್ವಿಸ್ಟ್ ಎಂಬ ಒಬ್ಬ ಮನುಷ್ಯನನ್ನು ಮಾತ್ರ ಕೊಲ್ಲದೆ ಬಿಡುತ್ತವೆ. ಆ ದೃಶ್ಯದಲ್ಲಿ ನಿಂತು, ದುಡಿಮೆಯಿಲ್ಲದ ಮನುಷ್ಯ ಏನನ್ನು ಸೃಷ್ಟಿಸಬಲ್ಲನೆಂದು ಯೋಚಿಸಿ. ಬಳಿಕ ಅದೇ ಪ್ರಶ್ನೆಯನ್ನು ನಿಮ್ಮ ಅಡುಗೆಮನೆಯ ಒಂದು ಬೆಳಗಿಗೆ ಅನ್ವಯಿಸಿ ಒಂದು ಪುಟ ಬರೆಯಿರಿ.