ನನ್ನ ಅನುಭವ: ಎಂಬಿಬಿಎಸ್ ಸಾಲ ತೀರಿಸುತ್ತಲೇ ನಿವೃತ್ತಿಗೂ ಕೂಡಿಟ್ಟೆ

ಹೋದ ನವೆಂಬರಿನಲ್ಲಿ ನನ್ನ ಎಂಬಿಬಿಎಸ್ ಸಾಲ ಪೂರ್ತಿ ತೀರಿತು. ಬ್ಯಾಂಕಿನ ಮೊದಲ ಲೆಕ್ಕದಲ್ಲೇ ಅದು 2031ರವರೆಗೆ ಇರಬೇಕಿತ್ತು. ಸಾಲ ಮುಗಿದ ದಿನ ಪಿಪಿಎಫ್ (ಸರ್ಕಾರದ ಹದಿನೈದು ವರ್ಷದ ಉಳಿತಾಯ ಖಾತೆ), ಎನ್‌ಪಿಎಸ್ (ಪಿಂಚಣಿ ಯೋಜನೆ), ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕದ ಹಿಂದೆ ಹೋಗುವ ಮ್ಯೂಚುವಲ್ ಫಂಡ್) ಎಲ್ಲಾ ಸೇರಿ ಹನ್ನೆರಡು ಲಕ್ಷದ ಆಸುಪಾಸು ಇತ್ತು. ಎರಡನ್ನೂ ಒಟ್ಟಿಗೆ ಮಾಡೋಕೆ ಆಗಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಅನಸ್ತೇಷಿಯಾ ವೈದ್ಯೆ. ಯಾವ ಆಸ್ಪತ್ರೆಯಲ್ಲೂ ಸಂಬಳಕ್ಕಿಲ್ಲ. ಏಳೆಂಟು ನರ್ಸಿಂಗ್ ಹೋಮ್‌ಗಳಿಗೆ ಕೇಸಿನ ಲೆಕ್ಕದಲ್ಲಿ ಹೋಗುತ್ತೇನೆ. ಊರು ಚನ್ನಗಿರಿ ಕಡೆ, ಅಪ್ಪನದು ಅಡಿಕೆ ತೋಟ. 2012ರಲ್ಲಿ ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಸೀಟು ಸಿಕ್ಕಾಗ ವರ್ಷಕ್ಕೆ ಮೂರೂವರೆ ಲಕ್ಷದಷ್ಟು ಫೀಸು. ತೋಟ ಅಡವಿಡುತ್ತೇವೆ ಅಂದರೆ ಬ್ಯಾಂಕಿನವರು ಒಪ್ಪಲಿಲ್ಲ, ಕೃಷಿ ಜಮೀನು ಬೇಡ, ಮನೆ ಪತ್ರ ಕೊಡಿ ಅಂದರು. ಕೊಟ್ಟೆವು. ಐದು ಕಂತಿನಲ್ಲಿ ಹದಿನೈದು ಲಕ್ಷ ತೆಗೆದುಕೊಂಡೆವು.

ಮೊದಲ ತಪ್ಪು ಅಲ್ಲೇ ಆಯಿತು. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಬಡ್ಡಿದರದಲ್ಲಿ ಶೇಕಡಾ ಒಂದು ಕಡಿಮೆ ಮಾಡುತ್ತೇವೆ ಅಂತ ಮಂಜೂರಾತಿ ಪತ್ರದಲ್ಲೇ ಇತ್ತು. ನಾವ್ಯಾರೂ ಅದನ್ನು ಓದಲಿಲ್ಲ. ಮೊದಲ ವರ್ಷದ ಬಡ್ಡಿ ತಿಂಗಳಿಗೆ ಮೂರು ಸಾವಿರ. ಅಡಿಕೆಗೆ ಒಳ್ಳೆ ರೇಟಿದ್ದ ಕಾಲ, ಕಟ್ಟಬಹುದಿತ್ತು. ಕಟ್ಟಲಿಲ್ಲ. 2018ರಲ್ಲಿ ಕಂತು ಶುರುವಾಗುವ ಹೊತ್ತಿಗೆ ಹದಿನೈದು ಲಕ್ಷ ಇಪ್ಪತ್ತೆರಡು ಲಕ್ಷವಾಗಿತ್ತು, ಇಎಂಐ ಮೂವತ್ತು ಸಾವಿರ. ಡ್ಯೂಟಿ ಡಾಕ್ಟರಾಗಿ ನನಗೆ ಬರುತ್ತಿದ್ದದ್ದು ನಲವತ್ತೆಂಟು ಸಾವಿರ.

ಎರಡನೇ ತಪ್ಪು ಪಾಲಿಸಿ. ಮನೆಗೆ ಬಂದುಹೋಗುವ ಪರಿಚಯದವರೊಬ್ಬರು ಇಪ್ಪತ್ತು ವರ್ಷದ್ದು ಮಾಡಿಸಿದರು, ವರ್ಷಕ್ಕೆ ಅರವತ್ತು ಸಾವಿರ. ಉಳಿತಾಯ, ವಿಮೆ ಎರಡೂ ಆಗುತ್ತೆ ಅಂದರು. ಮರುವರ್ಷ ನಾನು ಪಿಜಿಗೆ (ಸ್ನಾತಕೋತ್ತರ ಓದಿಗೆ) ಸೇರಿದ್ದೆ, ಸ್ಟೈಪೆಂಡ್ ಮೂವತ್ತು ಸಾವಿರ. ಎರಡನೇ ಕಂತು ಕಟ್ಟಲು ಅವ್ವನ ಎರಡು ಬಳೆ ಗಿರವಿಗೆ ಹೋದವು. ಮೂರನೇ ವರ್ಷ ಕಟ್ಟಲು ಆಗಲೇ ಇಲ್ಲ, ಸರೆಂಡರ್ ಮಾಡಿದೆ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ವಾಪಸ್ ಬಂದದ್ದು ಮೂವತ್ತಾರು ಸಾವಿರ. ಆ ಹಣದಲ್ಲಿ ಮೊದಲು ಬಳೆ ಬಿಡಿಸಿಕೊಂಡೆ. ಈಗ ನನಗಿರುವುದು ಒಂದು ಕೋಟಿಯ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ಮನೆಯವರಿಗೆ ಹಣ ಬರುವ ವಿಮೆ), ವರ್ಷಕ್ಕೆ ಹನ್ನೊಂದು ಸಾವಿರ ಚಿಲ್ಲರೆ. ಜೊತೆಗೆ ಇಂಡೆಮ್ನಿಟಿ, ಅಂದರೆ ರೋಗಿಯ ಕಡೆಯವರು ಕೇಸು ಹಾಕಿದರೆ ಕಾಯುವ ವಿಮೆ. ನಮ್ಮ ಕೆಲಸದಲ್ಲಿ ಅದಿಲ್ಲದೆ ಥಿಯೇಟರಿಗೆ ಕಾಲಿಡಬಾರದು.

ಪಿಜಿಯ ಮೂರು ವರ್ಷ ಬರೀ ಬಡ್ಡಿ ಕಟ್ಟಲು ಬ್ಯಾಂಕು ಒಪ್ಪಿತ್ತು, ತಿಂಗಳಿಗೆ ಇಪ್ಪತ್ತು ಸಾವಿರ. 2020ರಲ್ಲಿ ಕೋವಿಡ್ ಮಾರಟೋರಿಯಂ ಬಂತು. ಆರು ತಿಂಗಳು ಕಟ್ಟೋದು ಬೇಡ ಅಂದಾಗ ಖುಷಿಯಾಯಿತು. ಆಗ ಐಸಿಯು ಡ್ಯೂಟಿ, ಬೇರೇನು ಯೋಚಿಸುವ ಸ್ಥಿತಿಯೂ ಇರಲಿಲ್ಲ. ಆಮೇಲೆ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಒಂದು ಲಕ್ಷ ಇಪ್ಪತ್ತು ಸಾವಿರ ಅಸಲಿಗೆ ಸೇರಿಕೊಂಡಿತ್ತು. ಆ ವರ್ಷ ಸ್ಟೈಪೆಂಡ್ ಜಾಸ್ತಿ ಆಗಿತ್ತು, ಕಟ್ಟಿಕೊಂಡು ಹೋಗಬಹುದಿತ್ತು.

1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಇ ಬಗ್ಗೆಯೂ ಒಂದು ಮಾತು. ಶಿಕ್ಷಣ ಸಾಲದ ಬಡ್ಡಿಗೆ ಮಿತಿ ಇಲ್ಲದೆ ವಿನಾಯಿತಿ, ಆದರೆ ಕಟ್ಟಲು ಶುರು ಮಾಡಿದ ವರ್ಷದಿಂದ ಎಂಟೇ ವರ್ಷ. ಅದರಲ್ಲಿ ನನಗೆ ನಾಲ್ಕು ವರ್ಷ ತೆರಿಗೆ ಬೀಳುವಷ್ಟು ಆದಾಯವೇ ಇರಲಿಲ್ಲ. ಆದಾಯ ಬಂದಾಗ ಹೊಸ ತೆರಿಗೆ ಪದ್ಧತಿ ನನಗೆ ಲಾಭವಾಗಿತ್ತು, ಅಲ್ಲಿ 80ಇ ಇಲ್ಲ. ಪಿಜಿಗೆ ಹೋಗುವ ಪ್ಲಾನ್ ಇರುವವರು ಕಂತು ಶುರು ಮಾಡುವ ಮುಂಚೆ ಈ ಎಂಟು ವರ್ಷ ಎಲ್ಲಿಂದ ಎಲ್ಲಿಗೆ ಬೀಳುತ್ತೆ ಅಂತ ನೋಡಿಕೊಳ್ಳಿ.

2021ರಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದೆ. ಬ್ಯಾಂಕೇ ನಿಗದಿ ಮಾಡುವ ಹಳೆಯ ಬೇಸ್ ರೇಟ್‌ನಲ್ಲಿದ್ದ ಸಾಲವನ್ನು ರೆಪೋ ರೇಟಿಗೆ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ತಕ್ಕಂತೆ ಏರಿಳಿಯುವ ಬಡ್ಡಿಗೆ ಬದಲಾಯಿಸಿಕೊಂಡೆ. ಒಂದು ಅರ್ಜಿ, ಸ್ವಲ್ಪ ಫೀಸು ಅಷ್ಟೇ. ಹನ್ನೊಂದರ ಮೇಲಿದ್ದ ಬಡ್ಡಿ ಒಂಬತ್ತರ ಹತ್ತಿರ ಇಳಿಯಿತು. ಆ ಸುಖ ಒಂದೇ ವರ್ಷ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೋ 4ರಿಂದ 6.5ಕ್ಕೆ ಏರಿತು. ಇಎಂಐ ಹಾಗೇ ಇತ್ತು. ಆದರೆ ಬ್ಯಾಂಕು ಹೇಳದೆ ಕೇಳದೆ ಅವಧಿಯನ್ನು 2033ಕ್ಕೆ ಎಳೆದಿತ್ತು. ಪಿಜಿ ಮುಗಿಸಿ ಸರ್ಕಾರದ ಕಡ್ಡಾಯ ಸೇವೆಯಲ್ಲಿದ್ದ ತಾಲ್ಲೂಕು ಆಸ್ಪತ್ರೆಯಲ್ಲಿ, ರಾತ್ರಿ ಸಿಸೇರಿಯನ್ ಮುಗಿಸಿ ಬಂದು ಮೊಬೈಲಿನಲ್ಲಿ ಆ ಇಸವಿ ನೋಡಿದ್ದು ಇನ್ನೂ ನೆನಪಿದೆ. ಆ ತಿಂಗಳಿಂದಲೇ ಐವತ್ತು ಸಾವಿರ ಕಟ್ಟಲು ಶುರು ಮಾಡಿದೆ.

ನನ್ನ ಪದ್ಧತಿ ಹುಟ್ಟಿದ್ದು 2023ರ ಸೆಪ್ಟೆಂಬರಿನಲ್ಲಿ, ಸ್ವಂತವಾಗಿ ಕೇಸಿಗೆ ಹೋಗಲು ಶುರು ಮಾಡಿದ ಮೇಲೆ. ಮೊದಲು ಎಲ್ಲರ ಹಾಗೆ 5ನೇ ತಾರೀಕಿಗೆ ಎಸ್‌ಐಪಿ (ಫಂಡಿಗೆ ಹೋಗುವ ತಿಂಗಳ ಕಂತು), 10ಕ್ಕೆ ಇಎಂಐ ಅಂತ ಇಟ್ಟುಕೊಂಡಿದ್ದೆ. ನರ್ಸಿಂಗ್ ಹೋಮ್‌ಗಳು ಹಣ ಕೊಡುವುದಕ್ಕೆ ತಾರೀಕು ಎಲ್ಲಿದೆ? ಒಂದು ಕಡೆ ವಾರಕ್ಕೆ, ಒಂದು ಕಡೆ ಎರಡು ತಿಂಗಳಿಗೆ, ಇನ್ನೊಂದು ಕಡೆ ವಿಮೆ ಕಂಪನಿಯಿಂದ ಬಂದ ಮೇಲೆ. ಮೂರು ತಿಂಗಳಲ್ಲಿ ಎರಡು ಸಲ ಎಸ್‌ಐಪಿ ಬೌನ್ಸ್ ಆಯಿತು, ಪ್ರತಿ ಸಲ ಐನೂರು ಚಿಲ್ಲರೆ ದಂಡ. ಎಸ್‌ಐಪಿ ನಿಲ್ಲಿಸಿದೆ.

ತಾರೀಕಿನ ಬದಲು ಪಾಲು ಮಾಡಿಕೊಂಡೆ. ಯಾವ ಹಣ ಬಂದರೂ, ಎಂಟು ಸಾವಿರ ಇರಲಿ ಎಂಬತ್ತು ಸಾವಿರ ಇರಲಿ, ಅವತ್ತೇ ಭಾಗ: ನೂರಕ್ಕೆ 35 ಸಾಲಕ್ಕೆ, 15 ನಿವೃತ್ತಿಗೆ, 10 ತುರ್ತು ನಿಧಿಗೆ, 40 ಮನೆಖರ್ಚಿಗೆ. ಥಿಯೇಟರ್ ಪಕ್ಕದ ಚೇಂಜಿಂಗ್ ರೂಮಿನಲ್ಲಿ, ಕ್ಯಾಪ್ ಇನ್ನೂ ತಲೆ ಮೇಲಿರುವಾಗಲೇ, ಎರಡು ಕೇಸಿನ ನಡುವೆ ಕೂತು ವರ್ಗಾವಣೆ ಮಾಡುತ್ತೇನೆ. ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಎಡಕ್ಕೆ ಕೇಸು, ಬಲಕ್ಕೆ ಬಂದ ಹಣ. ಬಲಗಡೆ ಟಿಕ್ ಬಿದ್ದರೆ ಆ ಹಣ ಹಂಚಿಯಾಗಿದೆ ಅಂತ ಅರ್ಥ. ಸಾಲದ ಪಾಲು ಇಎಂಐಗಿಂತ ಜಾಸ್ತಿ ಬಂದ ತಿಂಗಳು ಉಳಿದದ್ದು ನೇರ ಅಸಲಿಗೆ. ಫ್ಲೋಟಿಂಗ್ (ಏರಿಳಿಯುವ) ದರದ ಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಇಲ್ಲ. ಆದರೆ ಅಸಲಿಗೇ ಜಮಾ ಮಾಡಿ ಅಂತ ಬರೆದು ಕೊಡಬೇಕು. ಒಂದು ಸಲ ಸುಮ್ನೆ ಕಟ್ಟಿದ್ದಕ್ಕೆ ಮುಂದಿನ ಕಂತಿನ ಮುಂಗಡ ಅಂತ ಇಟ್ಟುಕೊಂಡಿದ್ದರು.

ಅಪ್ಪನಿಗೆ ಇದು ಹಿಡಿಸಲೇ ಇಲ್ಲ. "ಅಲ್ಲವ್ವಾ, ಹೆಗಲ ಮೇಲೆ ಸಾಲ ಇಟ್ಕಂಡು ಪಿಂಚಣಿಗೆ ಯಾರಾದ್ರೂ ಕಟ್ತಾರಾ?" ಅಂದರು. ನನ್ನ ಸೀನಿಯರ್ ಒಬ್ಬರು, "ನೋಡಮ್ಮ, ಅದೆಲ್ಲ ಬಿಡು, ಮೊದಲು ಒಂದು ಸೈಟು ತಗೋ" ಅಂದರು. ಲೆಕ್ಕ ಪ್ರಕಾರ ಅಪ್ಪ ಹೇಳಿದ್ದರಲ್ಲಿ ಅರ್ಥ ಇದೆ. ಹನ್ನೊಂದರ ಬಡ್ಡಿ ಇರುವಾಗ ಪಿಪಿಎಫ್‌ನ 7.1 ನಷ್ಟವೇ. ಆದರೆ ನನಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹೋಗುವ ಕೆಲಸ ಎಷ್ಟು ವರ್ಷ ಆಗುತ್ತೆ? ಸಾಲ ತೀರಲಿ ಅಂತ ಕಾದ ನನ್ನ ಸೀನಿಯರ್‌ಗಳು ಸಾಲ ತೀರಿದ ಮೇಲೆ ಕಾರು, ಆಮೇಲೆ ಮನೆ ಅಂತ ಹೊಸ ಸಾಲ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಭ್ಯಾಸ ಮೊದಲೇ ಆಗಬೇಕು ಅನ್ನುವ ಹಟ ನನ್ನದು. ಎನ್‌ಪಿಎಸ್‌ನಲ್ಲಿ ಹೊಸ ತೆರಿಗೆ ಪದ್ಧತಿಯವರಿಗೆ ಐವತ್ತು ಸಾವಿರದ ಹೆಚ್ಚುವರಿ ತೆರಿಗೆ ವಿನಾಯಿತಿ ಸಿಗಲ್ಲ. ಆದರೂ ಕಟ್ಟುತ್ತೇನೆ, ಶೇಕಡಾ 75 ಷೇರಿಗೆ. ಸುಲಭಕ್ಕೆ ತೆಗೆಯಲು ಆಗಲ್ಲ ಅನ್ನುವುದೇ ನನಗೆ ಬೇಕಾದದ್ದು. ಸೈಟಿನ ಬ್ರೋಕರ್ ಬಂದಾಗ ತೋರಿಸಲು ಕೈಯಲ್ಲಿ ಹಣ ಇರಬಾರದು.

ಪಿಪಿಎಫ್ ಖಾತೆ ಮಾತ್ರ ಇಂಟರ್ನ್‌ಶಿಪ್‌ನಲ್ಲೇ ಐನೂರು ರೂಪಾಯಿ ಹಾಕಿ ತೆರೆದಿದ್ದೆ. ವರ್ಷಕ್ಕೆ ಐನೂರು ಹಾಕಿ ಜೀವ ಉಳಿಸಿಕೊಂಡು ಬಂದೆ. ಹದಿನೈದು ವರ್ಷದ ಲೆಕ್ಕ ಆ ಆರ್ಥಿಕ ವರ್ಷದ ಕೊನೆಯಿಂದಲೇ ಶುರುವಾಯಿತಲ್ವಾ, ನನ್ನದು 2033ಕ್ಕೇ ಮುಗಿಯುತ್ತೆ. ಇವತ್ತಿಗೂ ಜೂನಿಯರ್‌ಗಳಿಗೆ ನಾನು ಮೊದಲು ಮಾಡಿಸುವುದು ಇದನ್ನೇ.

ಸಾಲ ತೀರಿಸಲು ವೇಗ ಬಂದದ್ದು ಅದೇ ಕಾಯ್ದೆಯ 44ಎಡಿಎಯಿಂದ, ವೈದ್ಯರಂಥ ವೃತ್ತಿಯವರಿಗೆ ಇರುವ ಸೆಕ್ಷನ್ ಅದು. ನಮಗೆಲ್ಲ ಹತ್ತು ಪರ್ಸೆಂಟ್ ಟಿಡಿಎಸ್ (ಮುಂಗಡ ತೆರಿಗೆ ಕಡಿತ) ಹಿಡಿದೇ ಕೊಡುತ್ತಾರೆ. ವರ್ಷದ ಗಳಿಕೆ 50 ಲಕ್ಷದೊಳಗಿದ್ದರೆ, ನಗದು ಶೇಕಡಾ 5 ಮೀರದಿದ್ದರೆ 75 ಲಕ್ಷದವರೆಗೂ, ಅರ್ಧವನ್ನು ಆದಾಯ ಅಂತ ತೋರಿಸಬಹುದು. 2024-25ರಲ್ಲಿ ನನ್ನ ಗಳಿಕೆ ಇಪ್ಪತ್ತೈದು ಲಕ್ಷದ ಹತ್ತಿರ. ಹನ್ನೆರಡೂವರೆಗೆ ತೆರಿಗೆ ತೊಂಬತ್ತು ಸಾವಿರ ಚಿಲ್ಲರೆ, ಹಿಡಿದಿದ್ದ ಟಿಡಿಎಸ್ ಎರಡೂವರೆ ಲಕ್ಷದ ಸಮೀಪ. ಹತ್ತಿರ ಹತ್ತಿರ ಒಂದೂವರೆ ಲಕ್ಷ ವಾಪಸ್ ಬಂತು. ಅಷ್ಟೂ ಅಸಲಿಗೆ ಹೋಯಿತು.

ಮಧ್ಯೆ ಚೀಟಿಯನ್ನೂ ಪರೀಕ್ಷೆ ಮಾಡಿ ನೋಡಿದೆ. ಇಪ್ಪತ್ತೈದು ಜನ, ತಿಂಗಳಿಗೆ ಹತ್ತು ಸಾವಿರದ್ದು. ಎಂಟನೇ ತಿಂಗಳು ಕೂಗಿ ಎರಡು ಲಕ್ಷ ಎತ್ತಿ ಸಾಲಕ್ಕೆ ಹಾಕಿದೆ. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಕೂಡಿಸಿದರೆ ಹದಿನೈದು ಸಾವಿರದಷ್ಟು ನನ್ನ ಕೈಯಿಂದಲೇ ಹೋಗಿತ್ತು. ಬ್ಯಾಂಕಿನ ಬಡ್ಡಿಗಿಂತ ಚೀಟಿಯ ಕಸರು ಜಾಸ್ತಿ. ಅದೇ ಕಾಲದಲ್ಲಿ ಕೊಂಡ ವಿಡಿಯೋ ಲ್ಯಾರಿಂಗೋಸ್ಕೋಪ್ (ಉಸಿರಾಟದ ಕೊಳವೆ ಹಾಕುವಾಗ ಗಂಟಲು ತೋರಿಸುವ ಕ್ಯಾಮೆರಾ ಉಪಕರಣ) ಮಾತ್ರ ಆರು ತಿಂಗಳಲ್ಲಿ ತನ್ನ ಹಣ ತಾನೇ ದುಡಿದುಕೊಟ್ಟಿತು. ಕಷ್ಟದ ಏರ್‌ವೇ ಇದ್ದರೆ ಈಗ ಮೊದಲ ಫೋನು ನನಗೇ ಬರುತ್ತೆ.

ಬಾಕಿ ಹಣ ವಸೂಲಿಗೆ ನನ್ನದೊಂದು ಉಪಾಯ ಇದೆ. ಎರಡು ತಿಂಗಳ ಬಾಕಿ ಇಟ್ಟುಕೊಳ್ಳುತ್ತಿದ್ದ ಕಡೆ ಈಗ ಹತ್ತು ದಿನದೊಳಗೆ ಬರುತ್ತೆ, ಜಗಳ ಇಲ್ಲ, ಮನಸ್ತಾಪ ಇಲ್ಲ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ನಾಳೆಯೇ ಕೆಲಸ ಮಾಡುವುದು ನಿಲ್ಲಿಸುತ್ತೆ.

ಸಾಲ ತೀರಿದ ಮೇಲೂ ಒಂದು ಕೆಲಸ ಉಳಿದಿರುತ್ತೆ. ಬ್ಯಾಂಕು ಮೂವತ್ತು ದಿನದೊಳಗೆ ಮನೆಯ ಮೂಲ ಪತ್ರ ವಾಪಸ್ ಕೊಡಬೇಕು, ತಡ ಮಾಡಿದರೆ ದಿನಕ್ಕೆ ಐದು ಸಾವಿರ ಪರಿಹಾರ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2023ರ ಡಿಸೆಂಬರಿನಿಂದ. ನಮ್ಮ ಶಾಖೆಯಲ್ಲಿ ಇಪ್ಪತ್ತು ದಿನ "ಹೆಡ್ ಆಫೀಸಿನಿಂದ ಬರಬೇಕು ಮೇಡಂ" ಅಂತಲೇ ಇದ್ದರು. ಈ ನಿಯಮ ಹಾಕಿ ಒಂದು ಪತ್ರ ಕೊಟ್ಟೆ, ನಾಲ್ಕನೇ ದಿನ ಫೋನು ಬಂತು. ಮನೆ ಪತ್ರ ಕೈಗೆ ಬಂದ ಮೇಲೆ ಕಾವೇರಿಯಲ್ಲಿ (ಆಸ್ತಿ ನೋಂದಣಿಯ ಸರ್ಕಾರಿ ವೆಬ್‌ಸೈಟ್) ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ, ಅಡಮಾನ ತೆಗೆದುಹಾಕಿದ್ದಾರಾ ಅಂತಲೂ ನೋಡಿ.

ಪತ್ರ ತರಲು ಬ್ಯಾಂಕಿಗೆ ಅಪ್ಪನನ್ನು ಕರೆದುಕೊಂಡೇ ಹೋಗಿದ್ದೆ. ಹದಿಮೂರು ವರ್ಷದ ಹಿಂದೆ ಕೊಟ್ಟ ಅದೇ ಹಸಿರು ದಾರ ಕಟ್ಟಿದ ಕಡತ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದರು. ಕೊನೆಗೆ ತಾತನ ಹೆಬ್ಬೆಟ್ಟಿದ್ದ ಪುಟ ಸಿಕ್ಕಿದ ಮೇಲೆ ದಾರ ಕಟ್ಟಿದರು. ಬಸ್ ಸ್ಟ್ಯಾಂಡಿಗೆ ಬಿಡಲು ಹೋಗುವಾಗ, "ಆ ಎನ್‌ಪಿಎಸ್ಸು ಅಂತಾರಲ್ಲ, ನಿನ್ ತಮ್ಮಂಗೂ ಮಾಡ್ಸು" ಅಂದರು.